ಖಂಡಿಸುವುದು ಬೇರೆ, ಕೀಳೆನ್ನುವುದು ಬೇರೆ

ಓದುಗರ ಪತ್ರ: ಪಪುವಾ ನ್ಯೂಗಿನಿಯ ಫೋರೆ ಜನ ಸತ್ತ ಬಂಧುಗಳ ದೇಹ ತಿನ್ನುತ್ತಿದ್ದರೆಂದು ಕಳೆದ ಸಂಚಿಕೆಯಲ್ಲಿ ಬರೆದಿರಿ. ಅದನ್ನು ಎಲ್ಲೂ ಅನಾಗರಿಕ ಎನ್ನಲಿಲ್ಲ. ಎಲ್ಲವನ್ನೂ ಅವರವರ ಸಂಸ್ಕೃತಿ ಎಂದು ಬಿಟ್ಟುಬಿಟ್ಟರೆ ತಪ್ಪನ್ನು ತಪ್ಪೆನ್ನುವವರು ಯಾರು?

ಸಂಪಾದಕರ ಉತ್ತರ: ತಪ್ಪನ್ನು ತಪ್ಪೆನ್ನಲೇಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಏನು ತಪ್ಪು ಎಂದು ಬೆರಳಿಟ್ಟು ತೋರಿಸಬೇಕು. 'ಅನಾಗರಿಕ' ಎಂದುಬಿಟ್ಟರೆ ಆ ಕೆಲಸ ಹಾಗೇ ಉಳಿದುಬಿಡುತ್ತದೆ.

ಫೋರೆ ಜನ ತಿನ್ನುತ್ತಿದ್ದುದು ಶತ್ರುಗಳನ್ನಲ್ಲ, ತೀರಿಕೊಂಡ ತಮ್ಮವರನ್ನು. ಹುಳುಗಳ ಪಾಲಾಗುವುದಕ್ಕಿಂತ ಪ್ರೀತಿಸಿದವರ ಹೊಟ್ಟೆ ಸೇರುವುದು ಮೇಲು ಎಂಬುದು ಅವರ ಎಣಿಕೆ. ಅದರಿಂದಲೇ ಕುರು ಎಂಬ ರೋಗ ಹರಡಿತು. ಪ್ರಿಯಾನ್ ಎಂಬ ಕೆಟ್ಟ ಪ್ರೋಟೀನು ದೇಹ ಸೇರಿ ವರ್ಷಗಟ್ಟಲೆ ಸುಮ್ಮನಿರುತ್ತದೆ. ಆಮೇಲೆ ನಡುಕ, ತೂರಾಟ, ಸಾವು. ಈ ಪ್ರೋಟೀನು ತುಂಬಿದ ಮಿದುಳು ಹೆಚ್ಚಾಗಿ ಹೆಂಗಸರು, ಮಕ್ಕಳ ಪಾಲಿಗೆ ಬರುತ್ತಿದ್ದುದರಿಂದ ಸತ್ತವರಲ್ಲೂ ಅವರೇ ಹೆಚ್ಚು. ರೂಢಿ ನಿಂತ ಮೇಲೆ ಹುಟ್ಟಿದ ಮಕ್ಕಳಿಗೆ ರೋಗ ಬರಲಿಲ್ಲ. ನಿಲ್ಲಿಸಲು ಇಷ್ಟು ಕಾರಣ ಸಾಕಲ್ಲವೇ?

'1950ರ ದಶಕದಲ್ಲಿ ಅದನ್ನು ನಿಲ್ಲಿಸಿದ ಆಸ್ಟ್ರೇಲಿಯನ್ ಆಡಳಿತಕ್ಕೆ ಪ್ರಿಯಾನ್ ಗೊತ್ತಿರಲಿಲ್ಲ, ಅಸಹ್ಯವೇ ಜೀವ ಉಳಿಸಿತಲ್ಲ' ಎಂದು ನೀವು ಕೇಳಬಹುದು. ಹೌದು, ಅಲ್ಲಿ ಅದೃಷ್ಟ ಕೈಹಿಡಿಯಿತು. ಅಂಥದೇ ತಾತ್ಸಾರ ಕೆನಡಾದಲ್ಲಿ ಪಾಟ್ಲ್ಯಾಚ್ ಮೇಲೆ ತಿರುಗಿತು. ಅದು ಅಲ್ಲಿನ ಪಶ್ಚಿಮ ಕರಾವಳಿಯ ಮೂಲನಿವಾಸಿಗಳು ಮನೆತನದ ಹಕ್ಕು, ಹೆಸರುಗಳನ್ನು ಎಲ್ಲರೆದುರು ಸ್ಥಾಪಿಸಿ, ಸಾಕ್ಷಿಗೆ ಬಂದವರಿಗೆ ಉಡುಗೊರೆ ಹಂಚುವ ಔತಣ. ದುಂದು, ಅನಾಗರಿಕ ಎಂದು 1884ರಲ್ಲಿ ಕಾನೂನು ತಂದು ನಿಷೇಧಿಸಿದರು. 1921ರ ಒಂದು ಪಾಟ್ಲ್ಯಾಚ್‌ಗಾಗಿ ಜನ ಜೈಲು ಸೇರಿದರು, ಅವರ ಮುಖವಾಡಗಳು ವಸ್ತುಸಂಗ್ರಹಾಲಯ ಸೇರಿದವು. ನಿಷೇಧ ಹೋದದ್ದು 1951ರಲ್ಲಿ. ಅಸಹ್ಯಕ್ಕೆ ರೋಗಕ್ಕೂ ಉಡುಗೊರೆಗೂ ವ್ಯತ್ಯಾಸ ತಿಳಿಯದು.

ಹೋಲಿಸುವಾಗಲೂ ಒಂದು ಮೋಸ ನಡೆಯುತ್ತದೆ: ಅವರ ನಡತೆಯ ಎದುರಿಗೆ ನಮ್ಮ ಆದರ್ಶವನ್ನು ಇಡುತ್ತೇವೆ. ನಡತೆಗೆ ನಡತೆಯನ್ನೇ ಇಡಬೇಕು. ನರಭಕ್ಷಕರೆಂದು ಅಮೆರಿಕದ ಮೂಲನಿವಾಸಿಗಳನ್ನು ಜರೆಯುತ್ತಿದ್ದ 17ನೇ ಶತಮಾನದ ಯುರೋಪಿನಲ್ಲೇ ಔಷಧದಂಗಡಿಗಳು ಮಮ್ಮಿಗಳ, ಅಂದರೆ ಕೆಡದಂತೆ ಕಾಪಿಟ್ಟ ಹಳೆಯ ಹೆಣಗಳ ಪುಡಿ ಮಾರುತ್ತಿದ್ದವು. ಇಂಗ್ಲೆಂಡಿನ ದೊರೆ ಎರಡನೇ ಚಾರ್ಲ್ಸ್‌ಗೆ ಮನುಷ್ಯರ ತಲೆಬುರುಡೆಯಿಂದ ಬಟ್ಟಿ ಇಳಿಸಿದ ಹನಿಗಳ ಮೇಲೆ ಬಲು ನಂಬಿಕೆ. ಅದಕ್ಕೆ ಔಷಧ ಎಂಬ ಮರ್ಯಾದೆಯ ಹೆಸರಿತ್ತು, ಅಷ್ಟೇ.

ಇನ್ನು ಖಂಡಿಸುವ ಬಗೆ. ಚೀನಾದಲ್ಲಿ ಹಿಂದೆ ಪಾದ ಚಿಕ್ಕದಾಗಿರಲೆಂದು ಎಳೆಯ ಹುಡುಗಿಯರ ನಾಲ್ಕು ಕಾಲ್ಬೆರಳುಗಳನ್ನು ಅಂಗಾಲಿನಡಿಗೆ ಮಡಿಸಿ ಬಿಗಿಯುತ್ತಿದ್ದರು. ಇದು ಕ್ರೌರ್ಯ, ಎರಡು ಮಾತಿಲ್ಲ. ಆದರೆ ಕಟ್ಟುತ್ತಿದ್ದವಳು ತಾಯಿ. ಕಟ್ಟದಿದ್ದರೆ ಮಗಳಿಗೆ ಒಳ್ಳೆಯ ಸಂಬಂಧ ಸಿಗದೆಂಬ ಭಯ ಅವಳದು. ಅವಳನ್ನು ರಾಕ್ಷಸಿ ಎಂದರೆ ಆ ಭಯ ಹೋದೀತೇ? ಮಿಷನರಿಗಳೂ, 1897ರಲ್ಲಿ ಶಾಂಘೈನಲ್ಲಿ ಸಂಘ ಕಟ್ಟಿದ ಲಿಯಾಂಗ್ ಚಿಚಾವ್ ಮೊದಲಾದ ಚೀನೀ ಸುಧಾರಕರೂ ಹಿಡಿದದ್ದು ಬೇರೆ ದಾರಿ. ಸದಸ್ಯರು ಮಗಳ ಪಾದ ಕಟ್ಟಬಾರದು, ಜೊತೆಗೆ ಪಾದ ಕಟ್ಟಿದ ಹುಡುಗಿಯನ್ನು ಸೊಸೆಯಾಗಿ ತರಬಾರದು. ಮೊದಲ ಶರತ್ತೊಂದೇ ಇದ್ದಿದ್ದರೆ ಹುಡುಗಿಯರು ಮದುವೆಯಿಲ್ಲದೆ ಉಳಿಯುತ್ತಿದ್ದರು. ಎರಡನೆಯದು ಸೇರಿದ್ದರಿಂದ ಕಟ್ಟದ ಪಾದದವರಿಗೂ ವರಗಳು ಸಿದ್ಧವಾದರು.