ಅಪ್ಪನ ಹಳೆಯ ಜೀಪನ್ನು ರಿಪೇರಿ ಮಾಡಿಸುವುದೋ, ಮಾರುವುದೋ?

ಹತ್ತು ವರ್ಷದಿಂದ ಕೊಟ್ಟಿಗೆಯಲ್ಲಿ ನಿಂತಿರುವ, ತೀರಿಹೋದ ತಂದೆಯವರ ಜೀಪಿಗೆ ಹಾಕಿದ ದುಡ್ಡು ಮಾರುವಾಗ ವಾಪಸು ಬರುತ್ತದೆಯೇ ಎಂದು ಕೇಳಿದ್ದೀರಿ. ಮೂಡಿಗೆರೆ ಕಡೆಯ ನಮ್ಮ ತೋಟದಲ್ಲಿಯೂ ಅಂಥದೇ ಒಂದು ನಿಂತಿತ್ತು: 1993ರ ಮಹೀಂದ್ರಾ ಎಂಎಂ 540, ಪೂಜೋ ಡೀಸೆಲ್ ಎಂಜಿನ್ನಿನದು. ಅಪ್ಪ ಅದರಲ್ಲಿ ಕಾಫಿ ಮೂಟೆ ಹೇರಿದ್ದರು, ಜಡಿಮಳೆಯ ಒಂದು ರಾತ್ರಿ ಅಜ್ಜಿಯನ್ನು ಆಸ್ಪತ್ರೆಗೂ ಮುಟ್ಟಿಸಿದ್ದರು. ಅದನ್ನು ಮತ್ತೆ ಓಡಿಸಲೇಬೇಕೆಂದು 2022ರಲ್ಲಿ ಹಟ ಹಿಡಿದೆ.

ಬಾಡಿ ಇಳಿಸಿ ಚಾಸಿ, ಅಂದರೆ ಗಾಡಿಯ ಕಬ್ಬಿಣದ ಅಡಿಚೌಕಟ್ಟು, ನೋಡಿದಾಗ ಎದೆ ಧಸಕ್ಕೆಂದಿತು. ಸ್ಪ್ರಿಂಗ್ ಪ್ಲೇಟುಗಳು ಕೂರುವ ಜಾಗದಲ್ಲಿ ಸೇರಿಕೊಂಡ ಕೆಸರು ಒಣಗದೆ ಉಳಿದು ಕಬ್ಬಿಣವನ್ನು ತಿಂದಿತ್ತು. ಸ್ಕ್ರೂಡ್ರೈವರಿನಿಂದ ಚುಚ್ಚಿದರೆ ಹಪ್ಪಳದಂತೆ ಮುರಿಯುತ್ತಿತ್ತು. ತುಕ್ಕು ಉಜ್ಜಿ ಪಟ್ಟಿ ಹೊಡೆಯಲು ವೆಲ್ಡರಿಗೆ ಹೇಳಿ, ಎರಡು ದಿನ ಕೊಯ್ಲಿನ ಕೆಲಸಕ್ಕೆ ಹೋದೆ. ಬಂದು ನೋಡುವಷ್ಟರಲ್ಲಿ ಮುಂಚಕ್ರದ ಬಳಿ ಚಾಸಿಯ ಮೇಲೆ ಗುದ್ದಿದ್ದ ನಂಬರೂ ಗ್ರೈಂಡರಿಗೆ ಸಿಕ್ಕಿ ನುಣ್ಣಗಾಗಿತ್ತು. ತಪ್ಪು ಅವರದಲ್ಲ, ನನ್ನದು. ಆ ಜಾಗ ಎಲ್ಲಿದೆಯೆಂದು ನಾನೇ ಹುಡುಕಿರಲಿಲ್ಲ, ಸೀಮೆಸುಣ್ಣದಿಂದ ಗುರುತು ಮಾಡಿ ಇಲ್ಲಿ ಮುಟ್ಟಬೇಡಿ ಎಂದು ಹೇಳಿರಲಿಲ್ಲ, ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದಿರಲಿಲ್ಲ, ಒಂದು ಫೋಟೊ ಕೂಡ ಇರಲಿಲ್ಲ. ಹದಿನೈದು ವರ್ಷ ದಾಟಿದ ಖಾಸಗಿ ವಾಹನದ ನೋಂದಣಿ ಪತ್ರವನ್ನು, ಅಂದರೆ ಆರ್‌ಸಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಆಗ ಇನ್‌ಸ್ಪೆಕ್ಟರ್ ಚಾಸಿಯ ಮೇಲಿನ ನಂಬರನ್ನು ಆರ್‌ಸಿಯೊಂದಿಗೆ ತಾಳೆ ನೋಡುತ್ತಾರೆ. ನಮ್ಮದು 2018ರಲ್ಲಿಯೇ ಮುಗಿದಿತ್ತು. ಹೊಸದಾಗಿ ನಂಬರು ಗುದ್ದಿಸುವ ಅನುಮತಿಗೆಂದು, ಕಳವಿನ ಗಾಡಿಯಲ್ಲವೆಂದು ತೋರಿಸುವ ಕಾಗದಪತ್ರಗಳಿಗೆಂದು ಹದಿನಾಲ್ಕು ತಿಂಗಳು ಅಲೆದೆ. ಅಷ್ಟು ದಿನವೂ ಹೊಸ ಹಸಿರು ಬಣ್ಣ ಬಳಿಸಿಕೊಂಡ ಜೀಪು ಟಾರ್ಪಾಲಿನಡಿ ನಿಂತಿತ್ತು.

ಒಟ್ಟು ಖರ್ಚು ನಾಲ್ಕೂವರೆ ಲಕ್ಷ ದಾಟಿತು. ಕೇಳಲು ಬಂದವರಲ್ಲಿ ಯಾರೂ ಮೂರು ಲಕ್ಷಕ್ಕಿಂತ ಹೆಚ್ಚು ಹೇಳಲಿಲ್ಲ. ಆದ್ದರಿಂದ ಹಾಕಿದ ದುಡ್ಡು ಬರುತ್ತದೆಯೇ ಎಂಬ ಲೆಕ್ಕವನ್ನೇ ಬಿಟ್ಟುಬಿಡಿ, ಅದು ಬರುವುದಿಲ್ಲ. ಮಾರುವ ಮನಸ್ಸಿದ್ದರೆ ಒಂದು ಬೋಲ್ಟನ್ನೂ ಬಿಚ್ಚದೆ, ಇದ್ದಂತೆಯೇ, ಈ ಮಳೆಗಾಲಕ್ಕೆ ಮೊದಲೇ ಮಾರಿ. ಅರ್ಧ ಬಿಚ್ಚಿಟ್ಟ ಜೀಪಿಗೆ ಗುಜರಿಯವನ ಬೆಲೆಯೇ ಗತಿ. ಉಳಿಸಿಕೊಳ್ಳುವುದಾದರೆ ಅದಕ್ಕೆ ತೋಟದಲ್ಲಿ ದಿನವೂ ಕೆಲಸ ಇರಬೇಕು. ನಮ್ಮಲ್ಲಿದೆ, ಹಾಗಾಗಿ ಇಂದು ಅದು ಏರುದಾರಿಯಲ್ಲಿ ಮೂಟೆ ಹೊರುತ್ತಿದೆ, ನನಗೆ ಪಶ್ಚಾತ್ತಾಪವಿಲ್ಲ.

ಎರಡರಲ್ಲಿ ಯಾವುದನ್ನು ಆರಿಸಿದರೂ ಆರ್‌ಸಿಯನ್ನು ಮೊದಲು ವಾರಸುದಾರರಾದ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಅವಧಿ ಮುಗಿದಿದ್ದರೆ ತಡ ಮಾಡಬೇಡಿ: 2022ರ ಏಪ್ರಿಲ್‌ನಲ್ಲಿ ನವೀಕರಣ ಶುಲ್ಕ 600ರಿಂದ 5,000 ರೂಪಾಯಿಗೆ ಏರಿತು, ಇಪ್ಪತ್ತು ವರ್ಷ ದಾಟಿದ ಗಾಡಿಗಳಿಗೆ 2025ರಲ್ಲಿ 10,000 ಆಯಿತು, ತಡವಾದ ಪ್ರತಿ ತಿಂಗಳಿಗೆ 500 ಬೇರೆ. ಆದರೆ ಅದಕ್ಕೂ ಮುಂಚೆ, ನಾಳೆ ಬೆಳಿಗ್ಗೆಯೇ ಟಾರ್ಚು ಮತ್ತು ವೈರ್ ಬ್ರಷ್ ಹಿಡಿದು ಜೀಪಿನಡಿ ಮಲಗಿ ಚಾಸಿ ನಂಬರು ಹುಡುಕಿ, ಮೆಲ್ಲಗೆ ಕೆಸರು ಬಿಡಿಸಿ, ಅಚ್ಚು ತೆಗೆದು, ಅದರ ಮೇಲೆ ಒಂದಿಷ್ಟು ಗ್ರೀಸ್ ಬಳಿದಿಡಿ.