ಅಂಗಳದ ಮಾತು: ಮುಗಿಯದ ಫೈನಲ್

(ಓದುಗರ ಪ್ರಶ್ನೆಗಳಿಗೆ ದಾವಣಗೆರೆಯ ನಿವೃತ್ತ ದೈಹಿಕ ಶಿಕ್ಷಕರೊಬ್ಬರ ಉತ್ತರ)

ಪ್ರಶ್ನೆ: 1919ರ ಸ್ಟ್ಯಾನ್ಲಿ ಕಪ್ ಐಸ್ ಹಾಕಿಗೆ ವಿಜೇತರೇ ಇಲ್ಲವಂತೆ. ಎದುರಾಳಿಗಳು ಕಾಯಿಲೆ ಬಿದ್ದರೆ ವಾಕ್‌ಓವರ್ ಕೊಡಬಹುದಿತ್ತಲ್ಲವೇ?
– ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಮಾಂಟ್ರಿಯಲ್ ಕೊಡಲು ಸಿದ್ಧವಿತ್ತು. ಸಿಯಾಟಲ್ ತೆಗೆದುಕೊಳ್ಳಲಿಲ್ಲ.

ಎನ್‌ಎಚ್‌ಎಲ್ ಎಂಬ ಐಸ್ ಹಾಕಿ ಲೀಗ್ (ನ್ಯಾಷನಲ್ ಹಾಕಿ ಲೀಗ್) ಹುಟ್ಟಿದ್ದು 1917ರ ನವೆಂಬರ್‌ನಲ್ಲಿ. ಇದು ಅದರ ಎರಡನೆಯ ಋತು. ಅಲ್ಲಿ ಗೆದ್ದ ಮಾಂಟ್ರಿಯಲ್ ಕೆನೇಡಿಯನ್ಸ್ ತಂಡ ಪೆಸಿಫಿಕ್ ಕರಾವಳಿ ಲೀಗಿನ ಸಿಯಾಟಲ್ ಮೆಟ್ರೊಪಾಲಿಟನ್ಸ್ ತಂಡವನ್ನು ಎದುರಿಸಲು ಖಂಡದ ಆ ತುದಿಗೆ ಹೋಯಿತು. ಮೊದಲ ಪಂದ್ಯದಲ್ಲಿ 7-0 ಸೋಲು. ಎರಡನೆಯದರಲ್ಲಿ ನ್ಯೂಸಿ ಲಲೋಂಡ್ ಒಬ್ಬನೇ ನಾಲ್ಕು ಗೋಲು ಹೊಡೆದು ತಂಡವನ್ನು ಗೆಲ್ಲಿಸಿದ. ಮೂರನೆಯದು ಮತ್ತೆ ಸಿಯಾಟಲ್‌ಗೆ. ನಾಲ್ಕನೆಯದು ಹೆಚ್ಚುವರಿ ಸಮಯ ಆಡಿದರೂ 0-0. ಐದನೆಯದರಲ್ಲಿ ಮೂರು ಗೋಲು ಹಿಂದಿದ್ದ ಮಾಂಟ್ರಿಯಲ್ 4-3ರಿಂದ ಗೆದ್ದು ಸರಣಿ ಸಮ ಮಾಡಿತು. ಇಷ್ಟು ಬಿಗಿಯಾದ ಫೈನಲ್ ಎಷ್ಟಿವೆ!

ಏಪ್ರಿಲ್ 1ರಂದು ನಿರ್ಣಾಯಕ ಪಂದ್ಯ. ಅಷ್ಟರಲ್ಲಿ ಮಾಂಟ್ರಿಯಲ್ ಆಟಗಾರರು ಒಬ್ಬೊಬ್ಬರಾಗಿ ಜ್ವರಕ್ಕೆ ಮಲಗಿದ್ದರು. ಹಿಂದಿನ ವರ್ಷ ನಮ್ಮ ಮೈಸೂರು ಸಂಸ್ಥಾನವನ್ನು ಹಿಂಡಿದ ಇನ್‌ಫ್ಲುಯೆಂಜಾ ಅದೇ. ಪಂದ್ಯಕ್ಕೆ ಕೆಲವೇ ಗಂಟೆಗಳಿರುವಾಗ ಆಟ ರದ್ದಾಯಿತು. ರಕ್ಷಣಾ ಆಟಗಾರ ಜೋ ಹಾಲ್ ಏಪ್ರಿಲ್ 5ರಂದು ಸಿಯಾಟಲ್‌ನಲ್ಲೇ ತೀರಿಕೊಂಡ.

ಕಪ್ ನೀವೇ ಇಟ್ಟುಕೊಳ್ಳಿ ಎಂದಾಗ ಸಿಯಾಟಲ್‌ನ ತರಬೇತುದಾರ ಪೀಟ್ ಮಲ್ಡೂನ್ ಒಲ್ಲೆನೆಂದ. ಇದನ್ನು ಓದಿದಾಗಲೆಲ್ಲ ನನ್ನ ಎದೆ ಹಿಡಿದಂತಾಗುತ್ತದೆ. ಬಹಳ ವರ್ಷಗಳ ಹಿಂದೆ ದಾವಣಗೆರೆಯಲ್ಲಿ ಒಂದು ಖೋ ಖೋ ಫೈನಲ್. ಜಗಳೂರು ಕಡೆಯ ಶಾಲೆಯಲ್ಲಿ ಸೀತಾಳೆ ಸಿಡುಬು ಎದ್ದು, ಒಂಬತ್ತು ಜನ ಬೇಕಾದ ಅಂಗಳಕ್ಕೆ ಆರು ಹುಡುಗರು ಬಂದಿದ್ದರು. ಬೆಳಿಗ್ಗೆ ಮೊದಲ ಬಸ್ಸಿಗೇ ಹೊರಟು, ಬುತ್ತಿ ಕಟ್ಟಿಕೊಂಡು ಬಂದಿದ್ದರು. ನಾನು ನಿಯಮ ಪುಸ್ತಕ ತೋರಿಸಿ, ಸಹಿ ಹಾಕಿ, ಪಾರಿತೋಷಕ ತೆಗೆದುಕೊಂಡೆ. ಒಂದು ವಾರ ಮುಂದೂಡೋಣ ಎನ್ನಲು ನನಗೆ ಯಾರೂ ಅಡ್ಡಿಯಿರಲಿಲ್ಲ. ಆ ಆರು ಹುಡುಗರು ಕಂಬದ ಪಕ್ಕ ನಿಂತು ನಮ್ಮವರಿಗೆ ಚಪ್ಪಾಳೆ ತಟ್ಟಿದರು.

ವಾಕ್‌ಓವರ್ ಎಂದಿರಿ. ನಿಯಮ ನನ್ನ ಪರವಾಗಿಯೇ ಇತ್ತು. ಮಲ್ಡೂನ್‌ನ ಪರವಾಗಿಯೂ ಇತ್ತು.

ಪ್ರಶ್ನೆ: ಆಗ ಐಸ್ ಹಾಕಿಯಲ್ಲಿ ಏಳು ಆಟಗಾರರಿದ್ದರೇ?
– ಓದುಗರೊಬ್ಬರು, ಹರಿಹರ

ಉತ್ತರ: ಪಶ್ಚಿಮದ ಲೀಗಿನಲ್ಲಿ ಹೌದು. ನಿಗದಿತ ಜಾಗವಿಲ್ಲದೆ ಅಂಗಳವೆಲ್ಲ ಸುತ್ತುವ ಏಳನೆಯವನಿಗೆ ರೋವರ್ ಎನ್ನುತ್ತಿದ್ದರು. ಎನ್‌ಎಚ್‌ಎಲ್‌ನಲ್ಲಿ ಆರೇ ಜನ. ಹಾಗಾಗಿ ಫೈನಲ್‌ನಲ್ಲಿ ಒಂದು ಪಂದ್ಯ ಅವರ ನಿಯಮ, ಮತ್ತೊಂದು ಇವರ ನಿಯಮ. 1919ರ ಸಾಲಿನಲ್ಲಿ ಆ ಎರಡೂ ತಂಡಗಳ ಹೆಸರನ್ನು ಕಪ್ ಮೇಲೆ ಕೆತ್ತಿದ್ದು 1948ರಲ್ಲಿ. ಕೆಳಗೆ, ಸರಣಿ ಪೂರ್ಣಗೊಂಡಿಲ್ಲ ಎಂದು ಬರೆದಿದೆ.