ಫ್ರೀಯಾಗಿ ಕೊಟ್ಟ ಮಾಡ್‌ನ್ನೂ ಕಂಪನಿಯವ್ರು ತೆಗೆಸ್ಬಹುದಾ?

ಕುಂಬಳೆ ಪೇಟೆ, ಯಕ್ಷಗಾನ ವೇಷ ಎಲ್ಲ ಹಾಕಿ ಒಂದು ಹಳೇ ಗೇಮಿಗೆ ಮಾಡ್ (ಆಟಗಾರರೇ ಗೇಮಲ್ಲಿ ಮಾಡುವ ಬದಲಾವಣೆ) ಮಾಡಿದ್ದೆ, ಒಂದು ರುಪಾಯಿ ತಗೊಂಡಿಲ್ಲ, ಆದ್ರೂ ಡಿಎಂಸಿಎ (ಅಮೆರಿಕದ ಕಾಪಿರೈಟ್ ಕಾನೂನು) ನೋಟೀಸ್ ಬಂದು ಸೈಟಿಂದ ಫೈಲ್ ಹೋಯ್ತು ಅಂತ ಕೇಳಿದ್ದೀರಿ. ಬೇಜಾರಾಗ್ತದೆ, ರಾತ್ರಿ ನಿದ್ದೆಗೆಟ್ಟು ಮಾಡಿದ ಕೆಲ್ಸ ಅದು. ಆದ್ರೆ ದುಡ್ಡು ತಗೊಳ್ಳದೆ ಇದ್ದದ್ದು ಕಾನೂನಲ್ಲಿ ಪೂರ್ತಿ ರಕ್ಷಣೆ ಅಲ್ಲ. ಆಟದ ಕೋಡ್, ಮಾಡೆಲ್, ಸೌಂಡ್ ಎಲ್ಲ ಅವ್ರದ್ದು, ಅದನ್ನು ಬದಲಾಯಿಸಿ ಹಂಚುವ ಹಕ್ಕೂ ಅವ್ರದ್ದೇ, ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲೂ ಹಾಗೇ ಉಂಟು. 2016ರಲ್ಲಿ ನಿಂಟೆಂಡೊ ಕಂಪನಿಯ ಹಳೇ ಗೇಮ್ ಮೆಟ್ರಾಯ್ಡ್ 2ನ್ನು ಅಭಿಮಾನಿಗಳು ಹೊಸದಾಗಿ ಮಾಡಿದ ಎಎಂ2ಆರ್ ಪೂರ್ತಿ ಫ್ರೀ ಇತ್ತು, ಆದ್ರೂ ನಿಂಟೆಂಡೊ ಬಿಡ್ಲಿಲ್ಲ, ತೆಗೆಸಿತು.

ಹೆಚ್ಚಿನ ಸೈಟ್‌ಗಳು ಅಮೆರಿಕದ್ದಾದ ಕಾರಣ ಕಾಸರಗೋಡಲ್ಲಿ ಕೂತ್ರೂ ಅಲ್ಲಿನ 1998ರ ಡಿಎಂಸಿಎ ನಮ್ಮನ್ನು ಮುಟ್ತದೆ. ಕೌಂಟರ್ ನೋಟೀಸ್ (ಫೈಲ್ ತೆಗೆದದ್ದು ತಪ್ಪು ಅಂತ ಸೈಟಿಗೆ ಕೊಡುವ ಉತ್ತರ) ಕೊಡ್ಬಹುದು, ಕೊಟ್ರೆ ಅವ್ರು ಕೇಸ್ ಹಾಕದಿದ್ರೆ 10ರಿಂದ 14 ಕೆಲ್ಸದ ದಿನದೊಳಗೆ ಫೈಲ್ ವಾಪಸ್ ಬರ್ಬೇಕು, ಆದ್ರೆ ಅದ್ರಲ್ಲಿ ಅಮೆರಿಕದ ಕೋರ್ಟಿಗೆ ಒಪ್ತೇನೆ ಅಂತ ಸಹಿ ಹಾಕ್ಬೇಕು, ಸುಳ್ಳು ಬರೆದ್ರೆ ಅಪರಾಧ. ಕಂಪನಿಯ ಫೈಲ್ ಒಂದಾದ್ರೂ ಒಳಗಿದ್ರೆ ದಯವಿಟ್ಟು ಆ ದಾರಿ ಬೇಡ.

ಕಂಪನಿಗಳೆಲ್ಲ ಒಂದೇ ಥರ ಅಲ್ಲ. ವಾಲ್ವ್ ಕಂಪನಿಯ ಹಾಫ್-ಲೈಫ್ ಗೇಮನ್ನು ಅಭಿಮಾನಿಗಳು ಹೊಸದಾಗಿ ಮಾಡಿದ ಬ್ಲ್ಯಾಕ್ ಮೆಸಾ ಮಾರ್ಲಿಕ್ಕೆ ವಾಲ್ವ್ ಒಪ್ಪಿಗೆ ಕೊಟ್ಟಿತ್ತು. 2017ರಲ್ಲಿ ಜಿಟಿಎ ಗೇಮಿನ ಕಂಪನಿ ಟೇಕ್-ಟೂ, ಅದಕ್ಕೆ ಮಾಡ್ ಮಾಡುವ ಸಾಫ್ಟ್‌ವೇರ್ ಓಪನ್ ಐವಿ ನಿಲ್ಲಿಸ್ಲಿಕ್ಕೆ ಹೋದಾಗ ಆಟಗಾರರು ಗೇಮ್ ಮಾರುವ ಸೈಟ್ ಸ್ಟೀಮಲ್ಲಿ ಕೆಟ್ಟ ರಿವ್ಯೂ ಸುರಿಸಿದ್ರು, ಅದೇ ತಿಂಗ್ಳು ಓಪನ್ ಐವಿ ವಾಪಸ್ ಬಂತು. ಹಾಗಾಗಿ ಆಟದ ಲೈಸೆನ್ಸಲ್ಲಿ ಮಾಡ್ ಬಗ್ಗೆ ಏನು ಬರ್ದಿದ್ದಾರೆ ನೋಡಿ, ನೀವೇ ಬಿಡಿಸಿದ ಪೇಟೆ, ವೇಷ ಮಾತ್ರ ಬೇರೆ ತೆಗ್ದಿಡಿ, ಅದು ನಿಮ್ಮದು, ಮಾಡ್‌ಗೆ ಅನುಮತಿ ಇರುವ ಬೇರೆ ಆಟಕ್ಕೆ ಹಾಕ್ಲಿಕ್ಕೆ ಆಗ್ತದೆ.